ಅಪ್ಪ ಹೊತ್ತ ತಪ್ಪು

ದೋರನಹಳ್ಳಿ
ತಾ. 9-2-1998

ಮುದ್ದಿನ ತಮ್ಮ ಅಯ್ಯಣ್ಣನಿಗೆ ಅಕ್ಕ ರೇಣಮ್ಮ ತುಂಬು ಮನಸ್ಸಿನಿಂದ ಹರಸಿ ಬರೆಯುವುದು.

ನೀನು, ಮಾಳಮ್ಮ, ಕೂಸು ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ಹೊಳೆಯ ಆಚೆ ದಂಡೆಯಲ್ಲಿ ರಾತ್ರಿಯ ಚಳಿ ಇನ್ನೂ ಬಿಟ್ಟಿಲ್ಲವೆಂದು ತಿಂಥಣಿ ಕಡೆಯಿಂದ ಬಂದವರು ಹೇಳಿದರು. ಕೂಸನ್ನು ಬಯಲಿನಲ್ಲಿ ಮಲಗಿಸುವಾಗ ಕಿವಿ ಮುಚ್ಚುವಂತೆ ಕುಲಾವಿ ಕಟ್ಟಲು ಮಾಳಮ್ಮನಿಗೆ ಹೇಳು. ನಾನು ಹೊಲಿದು ಕಳಿಸಿದ ಕೆಂಪು ಕುಲಾವಿ ಈಗ ಸಣ್ಣದಾಗಿರಬೇಕು, ಇನ್ನೊಂದು ಹೊಲಿಯುತ್ತಿದ್ದೇನೆ. ನಿನ್ನ ಹಿಮ್ಮಡಿಯ ಒಡಕಿಗೆ ಮೇಣ ಹಚ್ಚುತ್ತೀಯೋ ಇಲ್ಲವೋ. ಬಿಳಿ ಮೂಗಿನ ಕುರಿ ಜೋಡಿ ಮರಿ ಹಾಕಿದ ಸುದ್ದಿ ಕೇಳಿ ಅಪ್ಪ ಬಹಳ ಸಂತೋಷಪಟ್ಟ. ಎರಡೂ ಹೆಣ್ಣೇ ಇರಬೇಕು, ಅದರ ತಾಯಿಯೂ ಹಾಗೇ ಹಾಕುತ್ತಿತ್ತು ಎಂದು ಮೂರು ಮನೆಗೆ ಹೋಗಿ ಹೇಳಿ ಬಂದ.

ಅಪ್ಪನ ದೇಹ ಗಟ್ಟಿ ಇದೆ. ಊಟ, ನಡೆದಾಟ ಎಲ್ಲ ಮೊದಲಿನಂತೆಯೇ. ಆದರೆ ಹೋದ ಗುರುವಾರದಿಂದ ಈ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿ ಮಾತಾಡಿಲ್ಲ. ನನ್ನ ಕೈಹಿಡಿದ ನಿನ್ನ ಮಾವ ಕಾಲುವೆಯಲ್ಲಿ ಮುಳುಗಿ ಹೋದಂದಿನಿಂದ ದಿನವೂ ಸಂಜೆ ನಾಲ್ಕು ಸಾಲು ಬರೆದಿಡುವುದು ನನಗೆ ರೂಢಿಯಾಗಿದೆ. ಏನಿಲ್ಲ, ಇಂದು ಮೋಡ ಇತ್ತು, ಇಂದು ಹಿಂಡಿ ತಂದರು, ಇಷ್ಟೇ. ಬರೆಯದಿದ್ದರೆ ದಿನ ಮುಗಿದಂತೆ ಅನ್ನಿಸುವುದಿಲ್ಲ. ಗುರುವಾರ ಮಾತ್ರ ತಾರೀಖು ಹಾಕಿ ಕೂತವಳಿಗೆ ಕೈ ಓಡಲಿಲ್ಲ. ಆ ಹಾಳೆ ಹಾಗೇ ಖಾಲಿ ಇದೆ. ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ನಿನಗೆ ಬರೆಯುತ್ತಿದ್ದೇನೆ. ನೀನು ಮೊದಲು ಕೂತುಕೊಂಡು ಓದು. ಕುರಿ ಕಡೆ ಮಾಳಮ್ಮ ನೋಡಲಿ.

ಖಂಡಪ್ಪನ ಕೈಗೆ ಪೆಟ್ಟಾದ ಸಂಗತಿ ನಾವೆಲ್ಲ ಮುಗಿಯಿತೆಂದು ತಿಳಿದಿದ್ದೆವಲ್ಲ, ಅದು ಮುಗಿದಿಲ್ಲ. ಹೋದ ತಿಂಗಳು ಪೊಲೀಸಿನವರೊಬ್ಬರು ಬಂದು ಅಪ್ಪನ ಹೆಸರಿನ ಕಾಗದ ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಅದಕ್ಕೆ ಸಮನ್ಸ್ ಅನ್ನುತ್ತಾರೆ. ಇಂಥ ದಿನ ಶಹಾಪುರದ ಕೋರ್ಟಿಗೆ ಹಾಜರಾಗಬೇಕು ಎಂದು ಅದರಲ್ಲಿತ್ತು. ನಾನು ಓದಿ ಹೇಳಿದೆ. ಅಪ್ಪ ನಕ್ಕುಬಿಟ್ಟ. "ಎರಡು ವರ್ಷದ ಹಿಂದಿನ ಜಗಳ ಅವರಿಗಿ ಈಗ ಮುಟ್ಟೇದೇನವಾ? ಟಪಾಲಿನವರ ಕೈಯಾಗ ಕೊಟ್ಟಿದ್ರೇನೋ" ಎಂದ. ನನಗೂ ಭಯ ಅನ್ನಿಸಲಿಲ್ಲ. ನಿನ್ನ ಮಾವನ ಹೆಣ ಸಿಕ್ಕ ದಿನವೂ ಪೊಲೀಸಿನವರು ಹೀಗೇ ಬರೆದುಕೊಂಡು ಹೋಗಿದ್ದರು, ನನ್ನ ಸಹಿಯನ್ನೂ ತೆಗೆದುಕೊಂಡಿದ್ದರು. ಆಮೇಲೆ ಯಾರೂ ಬರಲಿಲ್ಲ. ಸರ್ಕಾರದ ಕಾಗದಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ ಎಂದು ನಾನು ತಿಳಿದಿದ್ದೆ.

ಆ ದಿನ ಕಾಲುವೆ ದಂಡೆಯ ಮೇಲೆ ನಡೆದದ್ದು ನಿನಗೇ ಗೊತ್ತು. ನಮ್ಮ ಕುರಿ ಖಂಡಪ್ಪನ ಭತ್ತದ ಗದ್ದೆಗೆ ಇಳಿದವು, ಅವನು ಬಡಿಗೆ ಹಿಡಿದು ಬಂದ, ಸೊಪ್ಪು ಕಡಿಯುವ ಉದ್ದ ಕೋಲಿನ ಕುಡುಗೋಲು ನಿನ್ನ ಕೈಯಲ್ಲಿತ್ತು, ಅದು ಅವನ ಮುಂಗೈಗೆ ಬಿತ್ತು. ನಿಮ್ಮಿಬ್ಬರನ್ನು ಬಿಟ್ಟರೆ ಅಲ್ಲಿ ನೋಡಿದವರು ಯಾರೂ ಇರಲಿಲ್ಲ. ಅಪ್ಪನಂತೂ ಜ್ವರ ಬಂದು ಮನೆಯಲ್ಲಿ ಮಲಗಿದ್ದ, ನಾನು ಗಂಜಿ ಕುಡಿಸುತ್ತಿದ್ದೆ. ಖಂಡಪ್ಪನನ್ನು ದವಾಖಾನೆಗೆ ಒಯ್ದಾಗ ಅಲ್ಲಿಂದಲೇ ಪೊಲೀಸರಿಗೆ ಸುದ್ದಿ ಹೋಯಿತಂತೆ. ಕುಡುಗೋಲಿನ ಗಾಯ ಬಂದರೆ ಡಾಕ್ಟರು ತಿಳಿಸಲೇಬೇಕಂತೆ. ಪೊಲೀಸರು ಮನೆಗೆ ಬಂದಾಗ ಅಪ್ಪ ಜ್ವರದಲ್ಲೇ ಎದ್ದು, "ನಾನೇ ಮಾಡೀನ್ರಿ" ಎಂದ. ನೀನು ಬಾಗಿಲಲ್ಲಿ ನಿಂತಿದ್ದೆ. ಹಾಗೆ ಹೇಳುವುದು ನಮ್ಮಲ್ಲಿ ಹೊಸದಲ್ಲ. ಮಾಡಿದವರು ಮನೆಯಲ್ಲಿ ಯಾರೇ ಇರಲಿ, ತಪ್ಪು ಹಿರಿಯ ಹೊರಬೇಕು. ಹಿರಿಯ ಹೊತ್ತ ಮೇಲೆ ಕಿರಿಯರನ್ನು ಯಾರೂ ಕೇಳಬಾರದು. ಒಂದು ರಾತ್ರಿ ಠಾಣೆಯಲ್ಲಿಟ್ಟರು, ಮರುದಿನ ಶಹಾಪುರದ ಕೋರ್ಟಿನಲ್ಲಿ ಸಾಹೇಬರ ಮುಂದೆ ನಿಲ್ಲಿಸಿದರು, ನಮ್ಮ ಊರಿನವರೊಬ್ಬರು ಹೊಣೆ ನಿಂತು ಸಹಿ ಮಾಡಿದರು, ಬಿಟ್ಟರು. ಬಿಟ್ಟರು ಅಂದರೆ ಮುಗಿಯಿತು ಎಂದು ಊರಿಗೆ ಊರೇ ತಿಳಿಯಿತು.

ಖಂಡಪ್ಪ ಕೈಗೆ ಪಟ್ಟಿ ಕಟ್ಟಿಕೊಂಡು ಊರಿಗೆ ಬಂದ ಮೇಲೆ ಚಾವಡಿಯಲ್ಲಿ ಕೂಡಿದ್ದು ನಿನಗೆ ನೆನಪಿದೆ. ಅಪ್ಪ ಹೆಗಲ ಮೇಲಿನ ಕಂಬಳಿ ತೆಗೆದು ನೆಲದ ಮೇಲೆ ಹಾಸಿ, ತಪ್ಪು ನನ್ನ ಮನೆಯದು, ಹೊತ್ತಿದ್ದೇನೆ ಎಂದ. ಖಂಡಪ್ಪ ಎಡಗೈಯಲ್ಲೇ ಕಂಬಳಿ ಎತ್ತಿ ಅಪ್ಪನ ಹೆಗಲಿಗೆ ಹಾಕಿದ. ಗಾಯವಾದವನು ಕಂಬಳಿ ಎತ್ತಿದ ಮೇಲೆ ಆ ಮಾತು ಮತ್ತೆ ಆಡುವಂತಿಲ್ಲ. ಆ ವರ್ಷವೇ ಅವನ ಗದ್ದೆಯಲ್ಲಿ ನಮ್ಮ ಕುರಿಗಳನ್ನು ರಾತ್ರಿ ತರುಬಿ ಮಲಗಿಸಿದೆವು, ಅವನು ಗೊಬ್ಬರವಾಯಿತೆಂದು ಖುಷಿಪಟ್ಟ. ಅವನ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ಆದರೆ ಅದನ್ನು ತೋರಿಸಿ ಒಂದು ದಿನವೂ ಆಡಿಕೊಂಡವನಲ್ಲ.

ಗುರುವಾರ ಬೆಳಿಗ್ಗೆ ನಾವು ಟಂಟಂ ಹತ್ತಿದಾಗ ಖಂಡಪ್ಪ ಮತ್ತು ಅವನ ಹೆಂಡತಿ ತಿಮ್ಮವ್ವ ಅದರಲ್ಲಿ ಮೊದಲೇ ಕೂತಿದ್ದರು. ಅವನಿಗೂ ಕಾಗದ ಬಂದಿತ್ತು. ಆರೋಪಿ, ಗಾಯಾಳು ಇಬ್ಬರೂ ಒಂದೇ ಸೀಟಿನಲ್ಲಿ ಮೊಣಕಾಲು ತಾಗಿಸಿಕೊಂಡು ಕೂತು ಕೋರ್ಟಿಗೆ ಹೋದದ್ದನ್ನು ನೀನು ನೋಡಬೇಕಿತ್ತು. ತಿಮ್ಮವ್ವ ಬುತ್ತಿ ಬಿಚ್ಚಿ ಅಪ್ಪನಿಗೆ ಸಜ್ಜೆ ರೊಟ್ಟಿಯ ಮೇಲೆ ಪುಂಡಿಪಲ್ಯ ಇಟ್ಟು ಕೊಟ್ಟಳು. "ತಿನ್ನು ಕಾಕಾ, ಒಳಗ ಹಾಕಿದ್ರ ಅಲ್ಲಿ ಇಂಥಾ ಪಲ್ಯ ಸಿಗಂಗಿಲ್ಲ" ಎಂದು ಖಂಡಪ್ಪ ಚಾಷ್ಟಿ ಮಾಡಿದ. ಅಪ್ಪನೂ ಬಿಡಲಿಲ್ಲ: "ನಿನ್ನ ಬೆರಳು ಮಡಚಂಗಿಲ್ಲಂತ ನಿನಗ ಪಲ್ಯ ಕಡಿಮಿ ನೀಡ್ಯಾಳ ನೋಡು." ಟಂಟಂನವನಿಗೂ ನಗು. ನನಗೂ ನಗು ಬಂದಿತ್ತು ತಮ್ಮಾ. ಅದೇ ಕಡೆಯದು.

ಕೋರ್ಟಿನ ಹೊರಗೆ ವರಾಂಡದಲ್ಲಿ ಜನವೋ ಜನ. ಒಬ್ಬ ಜವಾನ ಬಾಗಿಲಿಗೆ ಬಂದು ಹೆಸರು ಕೂಗುತ್ತಾನೆ. ಬರೀ ಹೆಸರಲ್ಲ, ತಂದೆಯ ಹೆಸರನ್ನೂ ಸೇರಿಸಿ. "ಸರ್ಕಾರ ವಿರುದ್ಧ ಅಮೋಘಸಿದ್ದ ತಂದೆ ಕರಿಸಿದ್ದ" ಎಂದು ಕೂಗಿದಾಗ ಅಪ್ಪ ಒಂದು ಗಳಿಗೆ ಹಿಂದೆ ತಿರುಗಿ ನೋಡಿದ, ತೀರಿಹೋದ ಮುತ್ಯಾ ಕರಿಸಿದ್ದ ಜನರ ನಡುವೆ ಎಲ್ಲಿಯಾದರೂ ನಿಂತಿದ್ದಾನೇನೋ ಅನ್ನುವಂತೆ. ಆಮೇಲೆ ನನ್ನ ಕಡೆ ಬಾಗಿ ಕೇಳಿದ, "ಸರಕಾರಕ್ಕ ನಾ ಏನ ಮಾಡೀನವಾ?" ಎದುರು ಕಡೆ ಖಂಡಪ್ಪನ ಹೆಸರು ಇರುತ್ತದೆಂದು ನಾನೂ ತಿಳಿದಿದ್ದೆ. ಅವನು ಪಕ್ಕದಲ್ಲೇ ನಿಂತು ತನ್ನ ಹೆಸರು ಯಾಕೆ ಕೂಗಲಿಲ್ಲ ಎಂದು ನನ್ನನ್ನೇ ಕೇಳಿದ.

ಸಾಹೇಬರು ಹೆಚ್ಚು ವಯಸ್ಸಿನವರಲ್ಲ. ಧ್ವನಿ ಮೆತ್ತಗೆ, ಮಾತು ಬೆಂಗಳೂರು ಕಡೆಯದು. ಅಪ್ಪನನ್ನು ಕಟಕಟೆಯಲ್ಲಿ ನಿಲ್ಲಿಸಿ ಕಾಗದ ನೋಡಿ ನಿಧಾನವಾಗಿ ಓದಿದರು. ಇಂಥ ದಿನ, ಇಂಥ ಕಾಲುವೆಯ ಹತ್ತಿರ, ಹರಿತವಾದ ಆಯುಧದಿಂದ, ಖಂಡಪ್ಪ ಎಂಬುವರಿಗೆ ತೀವ್ರ ಗಾಯ. ನಮ್ಮ ಊರಿನ ಒಂದು ಮಧ್ಯಾಹ್ನದ ಜಗಳವನ್ನು ಅಲ್ಲಿ ಓದಿದಾಗ ಅದು ಯಾರೋ ದರೋಡೆಕೋರರ ಕಥೆಯಂತೆ ಕೇಳಿಸಿತು. ಓದಿ ಮುಗಿಸಿ, "ಅರ್ಥವಾಯಿತೇ? ನೀವು ಈ ತಪ್ಪನ್ನು ಒಪ್ಪಿಕೊಳ್ಳುತ್ತೀರಾ, ಇಲ್ಲ ವಿಚಾರಣೆ ನಡೆಯಬೇಕಾ?" ಎಂದು ಕೇಳಿದರು. ಇದನ್ನು ಎರಡು ಸಲ ಕೇಳಿದರು. ಅಪ್ಪನ ಮುಖದಲ್ಲಿ ಒಂದು ರೀತಿಯ ಸಮಾಧಾನ ಕಂಡಿತು. ಇಷ್ಟೊತ್ತು ತಿಳಿಯದ ಭಾಷೆಯಲ್ಲಿ ಮಾತಾಡುತ್ತಿದ್ದವರು ಈಗ ತಿಳಿಯುವ ಪ್ರಶ್ನೆ ಕೇಳಿದರಲ್ಲ ಎಂಬಂತೆ. "ತಪ್ಪು ನಂದೇ ಅದರಿ ಸಾಹೇಬ್ರ. ನನ್ನ ಮನೀದು. ಹೊತ್ತೀನ್ರಿ" ಎಂದವನೇ ಹೆಗಲ ಕಂಬಳಿ ತೆಗೆದು ಕಟಕಟೆಯಿಂದ ಹೊರಗೆ ಬಗ್ಗಿ ನೆಲದ ಮೇಲೆ ಹಾಸಿಬಿಟ್ಟ. ಹಾಸಿ ಕೈ ಮುಗಿದು ನಿಂತ.

ಯಾರೂ ಎತ್ತಲಿಲ್ಲ ಅಯ್ಯಣ್ಣ. ಟೈಪು ಮಾಡುತ್ತಿದ್ದವನು ಕೈ ನಿಲ್ಲಿಸಿದ. ವಕೀಲರೊಬ್ಬರು ನಕ್ಕರು. ಸಾಹೇಬರು ಕನ್ನಡಕ ತೆಗೆದು ಕಂಬಳಿಯನ್ನೂ ಅಪ್ಪನನ್ನೂ ನೋಡಿದರು. ಹಿಂದಿನಿಂದ ಖಂಡಪ್ಪ ತಡೆಯಲಾರದೆ ಎದ್ದು, "ಅದು ಮುಗದು ಹೋಗೇದರಿ ಸಾಹೇಬ್ರ, ನಾ ಅವತ್ತೇ ಚಾವಡ್ಯಾಗ ಕಂಬಳಿ ಎತ್ತೀನ್ರಿ, ಬೇಕಾದ್ರ ಈಗ ಮತ್ತ ಎತ್ತತೀನಿ" ಎಂದು ಮುಂದೆ ಬಂದ. ಅವನು ಯಾರೆಂದು ಸಾಹೇಬರು ಕೇಳಿದರು. ಗಾಯಾಳು ಎಂದರು ಗುಮಾಸ್ತರು. "ನೀವು ಸಾಕ್ಷಿ. ಕರೆಯುವ ತನಕ ಹೊರಗಿರಬೇಕು" ಎಂದು ಅವನನ್ನು ಹೊರಗೆ ಕಳಿಸಿದರು. ಬಡಿಗೆ ಏಟು ತಿಂದವನ ಹಾಗೆ ಅವನು ಬಾಗಿಲು ದಾಟಿದ. ಜವಾನ ಬಂದು "ಎತಗೋ ಯಜಮಾನ" ಎಂದ. ಅಪ್ಪ, "ಹಾಸಿದಾಂವ ಎತ್ತಾಕ ಬರಂಗಿಲ್ಲಪಾ" ಎಂದು ಅವನಿಗೆ ತಿಳಿಸಿ ಹೇಳುತ್ತಿದ್ದ. ಕೊನೆಗೆ ನಾನೇ ಹೋಗಿ ಎತ್ತಿಕೊಂಡೆ. ಹಾಸಿದ ಮನೆಯವರೇ ಎತ್ತಿಕೊಂಡದ್ದು ನಮ್ಮ ಮನೆತನದಲ್ಲಿ ಇದೇ ಮೊದಲಿರಬೇಕು. ಸಾಹೇಬರು ನನ್ನನ್ನು ನೋಡಿ, ವಕೀಲರನ್ನು ಇಟ್ಟಿದ್ದೀರಾ ಎಂದು ಕೇಳಿದರು. ಇಲ್ಲವೆಂದೆ. ಈ ಮಾತನ್ನು ನಾನು ಇವತ್ತು ಬರೆದುಕೊಳ್ಳುವುದಿಲ್ಲ, ಇವರಿಗೆ ಸರ್ಕಾರದ ಕಡೆಯಿಂದ ಒಬ್ಬ ವಕೀಲರನ್ನು ಕೊಡುತ್ತೇನೆ, ಅವರ ಹತ್ತಿರ ತಿಳಿದುಕೊಂಡು ಮುಂದಿನ ತಾರೀಖಿಗೆ ಬಂದು ಹೇಳಲಿ ಎಂದರು. ಮುಂದಿನ ಹೆಸರು ಕೂಗಿದರು. ಅಷ್ಟೇ. ನಮ್ಮ ಬುತ್ತಿಯ ಗಂಟು ಇನ್ನೂ ಬಿಸಿ ಇತ್ತು.

ಕೊಟ್ಟ ವಕೀಲರ ಹೆಸರು ವಹಾಬ ಸಾಹೇಬರು. ಸುರಪುರದವರು, ತಲೆ ನೆರೆತಿದೆ, ಬೇವಿನ ಗಿಡದ ಕೆಳಗೆ ಒಂದು ಬೆಂಚು ಹಾಕಿಕೊಂಡು ಅಲ್ಲೇ ಎಲ್ಲರ ಜತೆ ಮಾತಾಡುತ್ತಾರೆ. ಅವತ್ತು ಅಪ್ಪನನ್ನು ಬಿಟ್ಟದ್ದು ಬಿಡುಗಡೆ ಅಲ್ಲವಂತೆ, ಜಾಮೀನಂತೆ. "ಜಾಮೀನಂದ್ರ ಹಗ್ಗ ಉದ್ದ ಬಿಟ್ಟಾರ ಅಂತ ತಿಳಿ ಬೇಟಿ, ಬಿಚ್ಚಿಲ್ಲ. ಕರದಾಗ ಬರಬೇಕು, ಅಷ್ಟಕ್ಕ ಒಬ್ಬ ಹೊಣಿ." ಆರೋಪಿ ಅಂದರೆ ತಪ್ಪಿತಸ್ಥ ಅಲ್ಲ, ಅಂಥವನೆಂದು ಪೊಲೀಸರು ಹೇಳುತ್ತಿದ್ದಾರೆ ಎಂದಷ್ಟೇ. ಅದನ್ನು ಸರ್ಕಾರದ ವಕೀಲರು ಸಾಕ್ಷಿ ಕರೆಸಿ ರುಜುವಾತು ಮಾಡಬೇಕು. ಮಾಡಲಾಗದಿದ್ದರೆ ಬಿಡುಗಡೆ. ಆರೋಪಿ ತಾನು ತಪ್ಪು ಮಾಡಿಲ್ಲವೆಂದು ತೋರಿಸಬೇಕಾಗಿಲ್ಲ, ಸುಮ್ಮನೆ ನಿಂತರೂ ಸಾಕು. ಇದನ್ನು ಕೇಳಿ ಅಪ್ಪನಿಗೆ ಬಹಳ ಆಶ್ಚರ್ಯವಾಯಿತು. "ಹಂಗಾರ ಅಲ್ಲಿ ಸುಮ್ಮನ ನಿಂತಾಂವ ಶಾಣ್ಯಾ, ತಪ್ಪು ಹೊತ್ತಾಂವ ಹುಚ್ಚ ಏನ್ರಿ?" ಎಂದ. ವಹಾಬ ಸಾಹೇಬರು, "ಚಾವಡ್ಯಾಗ ತಪ್ಪು ಒಪ್ಪಿದ್ರ ಮಾಫಿ. ಇಲ್ಲಿ ಒಪ್ಪಿದ್ರ ಶಿಕ್ಷಾ. ಎರಡೂ ಕಡಿ ಕೇಳೋ ಮಾತು ಒಂದೇ, ಮುಂದಿನ ದಾರಿ ಬ್ಯಾರೆ" ಎಂದರು.

ಖಂಡಪ್ಪನೇ ಬೇಡ ಅಂದ ಮೇಲೂ ಕೇಸು ಯಾಕೆ ಎಂದು ನಾನು ಕೇಳಿದೆ. ಕೇಸು ಅವನದಲ್ಲವಂತೆ. ಒಮ್ಮೆ ಪೊಲೀಸರ ಪುಸ್ತಕದಲ್ಲಿ ಬರೆದ ಮೇಲೆ ಅದು ಸರ್ಕಾರದ್ದು, ಗಾಯ ಅವನ ಕೈಗಾದರೂ. ಕೆಲವು ಕೇಸಿನಲ್ಲಿ ಗಾಯವಾದವನು ಸಾಹೇಬರ ಒಪ್ಪಿಗೆ ಪಡೆದು ರಾಜಿ ಮಾಡಿಕೊಳ್ಳಬಹುದು. ಬರೀ ಬಡಿಗೆಯಿಂದ ಎಲುಬು ಮುರಿದಿದ್ದರೂ ಬರುತ್ತಿತ್ತಂತೆ. ಆದರೆ ಹರಿತವಾದದ್ದರಿಂದ ಬೇಕೆಂದೇ ಹೊಡೆದು ತೀವ್ರ ಗಾಯ ಮಾಡಿದರೆ ಅದಕ್ಕೆ ಮುನ್ನೂರ ಇಪ್ಪತ್ತಾರನೆಯ ಕಲಂ, ಅದರಲ್ಲಿ ರಾಜಿ ಇಲ್ಲ. ಈ ಕೋರ್ಟು ಮೂರು ವರ್ಷದ ತನಕ ಜೈಲಿಗೆ ಕಳಿಸಬಹುದು. ಇಲ್ಲಿಯ ತೀರ್ಪು ಒಪ್ಪದಿದ್ದರೆ ಗುಲ್ಬರ್ಗಾದ ದೊಡ್ಡ ಕೋರ್ಟಿಗೆ ಅಪೀಲು, ಅಲ್ಲಿಯೂ ಆಗದಿದ್ದರೆ ಬೆಂಗಳೂರಿನ ಹೈಕೋರ್ಟು. "ಆದ್ರ ತಾನೇ ಒಪಗೊಂಡಾಂವಗ ಅಪೀಲಿನ ದಾರಿ ಬಹಳ ಸಣ್ಣದು" ಎಂದರು. ಮೂರು ವರ್ಷ ಎಂದಾಗ ತಿಮ್ಮವ್ವ ಸೆರಗು ಬಾಯಿಗಿಟ್ಟುಕೊಂಡಳು. ಗಾಯ ತಿಂದವನ ಹೆಂಡತಿ ಆಕೆ. ಅಪ್ಪನ ವಯಸ್ಸೆಷ್ಟು ಎಂದು ನಿನಗೂ ಗೊತ್ತು.

ಖಂಡಪ್ಪ ಬೇವಿನ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತುಬಿಟ್ಟಿದ್ದ. ವಿಚಾರಣೆ ನಡೆದರೆ ಮೊದಲು ಕಟಕಟೆ ಹತ್ತುವವನು ಅವನೇ, ಆಣೆ ಮಾಡಿ ಹೇಳಬೇಕು ಎಂದಾಗ ಅವನ ಮುಖ ಬಿಳಿಚಿತು. "ನಾ ತಿಂಥಣಿ ಮೌನೇಶಗ ನಡಕೊಳ್ಳಾಂವರಿ. ಆಣಿ ಮಾಡಿ ಖರೇ ಹೇಳಿದ್ರ ಹುಡುಗ ಹೋಗ್ತಾನ, ಸುಳ್ಳ ಹೇಳಿದ್ರ ಮುದುಕ ಹೋಗ್ತಾನ. ಕೈ ಕಡಿಸಿಕೊಂಡಾಂವ ನಾ, ಮತ್ತ ಪಾಪಾನೂ ನನಗೇನ್ರಿ?" ಎಂದ. ಆಗ ಅಪ್ಪ ಒಂದು ಪ್ರಶ್ನೆ ಕೇಳಿದ. ನಾನು ಒಪ್ಪಿಕೊಂಡರೆ ಇವನು ಕಟಕಟೆ ಹತ್ತಬೇಕಾಗುತ್ತದೆಯೇ ಎಂದು. ಇಲ್ಲ, ಆರೋಪಿ ಒಪ್ಪಿಕೊಂಡು ಸಾಹೇಬರು ಅದನ್ನು ನಂಬಿ ಬರೆದುಕೊಂಡರೆ ಸಾಕ್ಷಿಯೇ ಬೇಡ, ಯಾರನ್ನೂ ಕರೆಯುವುದಿಲ್ಲ, ನೇರ ಶಿಕ್ಷೆ ಎಂದರು ವಹಾಬ ಸಾಹೇಬರು. ಅಪ್ಪ ತಲೆಯಾಡಿಸಿದ. ಬಹಳ ಹೊತ್ತು ತಲೆಯಾಡಿಸುತ್ತಲೇ ಇದ್ದ. ಒಳಗೆ ಕಂಬಳಿ ಹಾಸಿದಾಗ ಅವನಿಗೆ ಏನೂ ಗೊತ್ತಿರಲಿಲ್ಲ. ಆ ಗಿಡದ ಕೆಳಗಿನಿಂದ ಏಳುವಾಗ ಎಲ್ಲ ಗೊತ್ತಿತ್ತು. ಗೊತ್ತಾದ ಮೇಲೂ ಅವನ ಮಾತು ಬದಲಾಗಲಿಲ್ಲ. ನನಗೆ ಸಹಿಸಲಾಗದ್ದು ಅದೇ.

ಮನೆಗೆ ಬಂದು ಬೇಡಿಕೊಂಡೆ. ಅಳುವುದು ನನಗೆ ಬರುವುದಿಲ್ಲ, ನಿನ್ನ ಮಾವನ ಜತೆ ಅದೂ ಹೋಯಿತು, ಆದರೆ ಕಾಲು ಹಿಡಿದೆ. "ಹೊತ್ತದ್ದು ಇಳಸಾಕ ಬರಂಗಿಲ್ಲವಾ. ಎದುರಿನಾಂವ ಇಳಿಸಬೇಕು. ಅಲ್ಲಿ ಎದುರಿಗಿ ಯಾರೂ ಇಲ್ಲ, ಸರಕಾರ ಅದ. ಅದಕ್ಕ ಕೈ ಎಲ್ಲಿ ಅದಾವ ಎತ್ತಾಕ?" ಎಂದ. ಮೂರು ವರ್ಷ ಹಟ್ಟಿಯಲ್ಲಿ ಮಲಗುವ ಬದಲು ಅಲ್ಲಿ ಮಲಗುತ್ತೇನೆ, ಮೇಲೆ ಮಾಳಿಗೆಯಾದರೂ ಇರುತ್ತದೆ ಎಂದು ನನ್ನನ್ನು ನಗಿಸಲು ನೋಡಿದ. ಅಂದಿನಿಂದ ತಿಮ್ಮವ್ವ ದಿನಕ್ಕೊಂದು ಸಲ ಬಂದು ಹೊಸ್ತಿಲಲ್ಲಿ ಕೂತು ಹೋಗುತ್ತಾಳೆ. ಒಳಗೆ ಬಾ ಎಂದರೆ ಬರುವುದಿಲ್ಲ. ಅವರ ಮನೆಯವರು ಜೈಲಿಗೆ ಹೋಗುವವರಂತೆ ಆಕೆ ಸೊರಗಿದ್ದಾಳೆ. ಊರಿನವರು ಎರಡು ಮಾತಾಡುತ್ತಾರೆ. ಅಮೋಘಸಿದ್ದನೇ ಮನುಷ್ಯ ಎನ್ನುವವರಿದ್ದಾರೆ. ಚಾವಡಿ ಮಾತು ಕೋರ್ಟಿಗೆ ಒಯ್ದ ಮುದುಕ ಎನ್ನುವವರೂ ಇದ್ದಾರೆ. ಎರಡನ್ನೂ ಕೇಳಿಸಿಕೊಂಡು ನಾನು ಕಸ ಹೊಡೆಯುತ್ತೇನೆ.

ಈ ಕಾಗದವನ್ನು ಅಪ್ಪನಿಗೆ ಓದಿ ಹೇಳುತ್ತಿದ್ದೇನೆ. ಅವನ ಮಾತು ಇದ್ದಂತೆ ಬರೆಯುತ್ತೇನೆ: "ಕುರಿ ಬಿಟ್ಟು ಬರಬ್ಯಾಡ. ಮರಿ ಹಾಕೋ ಕಾಲ. ಹೊಳಿ ಆಚೀಗೇ ಇರು, ಮಳಿ ಬರೋತನಕ ಈ ಕಡಿ ಮುಖ ಮಾಡಬ್ಯಾಡ. ಕೂಸಿನ ಹುಟ್ಟಗೂದಲ ನಾ ಬರೋತನಕ ತಗೀಬ್ಯಾಡ್ರಿ." ಇನ್ನೂ ಏನಾದರೂ ಬರೆಯಲೇ ಎಂದರೆ, ಎರಡು ಹೆಣ್ಣು ಮರಿಗಳನ್ನು ಮಾರಬಾರದೆಂದು ಬರಿ ಎಂದ. ಬರೆದಿದ್ದೇನೆ.

ಮಾಳಮ್ಮನಿಗೆ ನನ್ನ ಆಶೀರ್ವಾದ ತಿಳಿಸು. ಕೂಸಿನ ಎರಡೂ ಕೆನ್ನೆಗೆ ಅತ್ತೆಯ ಮುದ್ದು. ಬೀರಪ್ಪ ನಿಮ್ಮನ್ನೂ ಕುರಿಗಳನ್ನೂ ಕಾಯಲಿ.

ನಿನ್ನ ಅಕ್ಕ,
ರೇಣಮ್ಮ

ತಾ.ಕ.: ಮಂಗಳವಾರ, ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ. ಲಿಂಗಸುಗೂರು ಬಸ್ಸಿನ ಕಂಡಕ್ಟರು ಇದನ್ನು ತಿಂಥಣಿ ಸೇತುವೆಯ ಹತ್ತಿರ ಚಮನಬೀ ಚಹಾದಂಗಡಿಯಲ್ಲಿ ಕೊಡುತ್ತೇನೆಂದಿದ್ದಾರೆ, ಇವತ್ತೇ ನಿನಗೆ ಮುಟ್ಟಬಹುದು. ಇನ್ನು ಮುಂದಿನದನ್ನು ಅಪ್ಪನಿಗೆ ಓದಿಲ್ಲ. ನಾನು ಇಂದು ಒಬ್ಬಳೇ ಬಂದು ವಹಾಬ ಸಾಹೇಬರನ್ನು ಕಂಡೆ. ಯಾರನ್ನೂ ಕರೆದುಕೊಂಡು ಬಾ ಎಂದು ತಾನು ಹೇಳುವುದಿಲ್ಲ, ಅಲ್ಲಿ ಏನು ನಡೆಯುತ್ತದೆ ಅಷ್ಟನ್ನೇ ಹೇಳುತ್ತೇನೆ ಎಂದರು. ಖಂಡಪ್ಪ ಮೊದಲು ಬಡಿಗೆ ಎತ್ತಿದನೇ, ನೀನು ಬೇಕೆಂದು ಬೀಸಿದೆಯಾ ಇಲ್ಲ ತಪ್ಪಿಸಿಕೊಳ್ಳಲು ಅಡ್ಡ ಹಿಡಿದೆಯಾ, ಖಂಡಪ್ಪನನ್ನು ಬಿಟ್ಟರೆ ಇದನ್ನು ಹೇಳಬಲ್ಲವನು ನೀನೊಬ್ಬನೇ. ಅಪ್ಪನ ಬಾಯಿಂದ ಅದು ಬರುವುದಿಲ್ಲ, ಅವನು ನೋಡಿಯೇ ಇಲ್ಲ. ಬೇಕೆಂದು ಮಾಡಿದ್ದಲ್ಲವೆಂದು ನಿಂತರೆ ಕಲಂ ಬದಲಾಗಬಹುದು, ಆಗ ಖಂಡಪ್ಪನ ರಾಜಿಗೂ ಅಲ್ಲಿ ಜಾಗ ಸಿಗಬಹುದು. ಆಗಬಹುದು ಎಂದರು, ಆಗುತ್ತದೆ ಎನ್ನಲಿಲ್ಲ. ನಿನಗೆ ಸುಳ್ಳು ಆಸೆ ಬರೆಯುವುದಿಲ್ಲ. ಶಿವರಾತ್ರಿ ಮುಗಿದ ಮೇಲಿನ ಸೋಮವಾರ ತಾರೀಖು ಇದೆ. ಬಾ. ಊರಿಗೆ ಬರಬೇಡ, ಅಪ್ಪ ನಿನ್ನನ್ನು ಅಲ್ಲೇ ತಡೆಯುತ್ತಾನೆ, ನೇರ ಬೇವಿನ ಗಿಡದ ಕೆಳಗೆ ವಹಾಬ ಸಾಹೇಬರ ಹತ್ತಿರ ಬಾ. ಕುರಿ ಕಾಯಲು ಖಂಡಪ್ಪ ತಾನೇ ಬರುತ್ತೇನೆಂದಿದ್ದಾನೆ, ತಾರೀಖಿನ ಹಿಂದಿನ ದಿನದ ತನಕ ಇದ್ದು ಊರಿನ ಇನ್ನೊಬ್ಬರಿಗೆ ಒಪ್ಪಿಸಿ ಬರುತ್ತಾನೆ. ನೀನು ಬರದಿದ್ದರೆ ಅಪ್ಪನ ಹೆಸರು ಕೂಗಿದಾಗ ನಾನು ಎದ್ದು ನಿಲ್ಲುತ್ತೇನೆ. ಆ ದಿನ ಅಪ್ಪ ಜ್ವರದಲ್ಲಿದ್ದ, ಗಂಜಿ ಕುಡಿಸಿದವಳು ನಾನು ಎಂದು ಸಾಹೇಬರಿಗೆ ಹೇಳುತ್ತೇನೆ. ಹಾಗಾದರೆ ಹೊಡೆದವರು ಯಾರೆಂದು ಕೇಳುತ್ತಾರೆ. ಕೇಳಿದರೆ ಹೇಳುತ್ತೇನೆ ತಮ್ಮಾ. ಆ ಹೆಸರು ನನ್ನ ಬಾಯಿಂದ ಬರುವ ಮೊದಲು ನೀನು ಬಂದುಬಿಡು. ಬಸ್ಸು ಬಿಡುತ್ತಿದೆ.